ಚಳಿ ಬರೋದ್ರೊಳಗ ಕಟ್ಟಿಗಿ: ಕಡಿದದ್ದು, ಸೀಳಿದ್ದು, ತೂಗಿ ಕೊಟ್ಟದ್ದು



ಕಬ್ಬು, ಅರಿಷಿಣ, ಗೋವಿನಜೋಳ ಅಂತ ಇಲ್ಲಿ ಸಾಕಷ್ಟು ಬರದೀನಿ. ಈ ಸಲ ಯಾರೂ ಬೆಳಿ ಅಂತ ಲೆಕ್ಕಕ್ಕ ಹಿಡಿಯದ ಒಂದು ಬೆಳಿ ಬಗ್ಗೆ ಬರೀತೀನಿ. ಅದು ಕಟ್ಟಿಗಿ. ನಮ್ಮ ಹೊಲದ ಹಳ್ಳದ ದಂಡಿಗೆ ಇದ್ದ ಬಳ್ಳಾರಿ ಜಾಲಿ ಮತ್ತ ಸುಬಾಬುಲ್ ಈ ವರ್ಷ ಕಡಿದು, ಸೀಳಿ, ಒಣಗಿಸಿ, ಚಳಿ ಹತ್ತೂದಕ್ಕ ಮಾರಿದ್ವಿ. ಖರ್ಚು ಎಷ್ಟು, ಉಳಿದದ್ದು ಎಷ್ಟು, ಏನು ತಿಳೀತು ಅನ್ನೋದನ್ನ ಪಾಟಿ ಮ್ಯಾಲಿನ ಲೆಕ್ಕದಂಗ ಇಡತೀನಿ. ಉದ್ದ ಐತಿ, ಪುರಸೊತ್ತ ಮಾಡಿಕೊಂಡು ಓದ್ರಿ.

ಮೊದಲ ಗಿಡದ ಸುದ್ದಿ. ಬಳ್ಳಾರಿ ಜಾಲಿ ನಮ್ಮ ದೇಶದ ಗಿಡಾ ಅಲ್ಲ. ಮಧ್ಯ ಅಮೆರಿಕಾ, ದಕ್ಷಿಣ ಅಮೆರಿಕಾ ಕಡೀದು. ಬ್ರಿಟಿಷರ ಕಾಲಕ್ಕ, 1870ರ ದಶಕದಾಗ, ಬರಗಾಲದ ನಾಡಿಗೆ ಉರುವಲಾ ಆಗಲಿ ಅಂತ ಬೀಜ ತರಿಸಿ ಕಡಪಾ ಕಡೆ ಹಚ್ಚಿದ್ರು. ಕುರಿ, ಆಡು, ದನ ಇದರ ಕಾಯಿ ತಿಂತಾವು, ಬೀಜ ಹಿಕ್ಕಿ ಸೆಗಣಿ ಜೋಡಿ ಹೊರಗ ಬೀಳತಾವು, ಬಿದ್ದಲ್ಲೇ ಹುಟ್ಟತಾವು. ಹಿಂಗ ಹಳ್ಳ, ಗಾಂವಠಾಣ, ರಸ್ತೆ ದಂಡಿ ಎಲ್ಲಾ ಅದರದ ಆತು. ಕಡಿದ್ರ ಸಾಯೂದಿಲ್ಲ, ಬೊಡ್ಡಿಯಿಂದ ನಾಕ ಪಟ್ಟು ಚಿಗರತೈತಿ. ಬಾವಿ ನೀರು ಕುಡೀತೈತಿ, ಕಬ್ಬಿನ ಮೊದಲ ನಾಕೈದು ಸಾಲಿಗೆ ನೆರಳು ಬೀಳತೈತಿ, ಒಳಗ ಕಾಡಹಂದಿ ಅಡಗತಾವು. ಬೈಯಬೇಕಂದ್ರ ಬಾಯಿ ತುಂಬ ಬೈಬಹುದು. ಆದ್ರ ಒಲಿಯೊಳಗ ಇಟ್ಟಾಗ ಇದರಷ್ಟು ಗಟ್ಟಿ ಕೆಂಡ ಕೊಡೋ ಕಟ್ಟಿಗಿ ನಮ್ಮ ಭಾಗದಾಗ ಕರಿಜಾಲಿ ಬಿಟ್ರ ಮತ್ತೊಂದಿಲ್ಲ.

ಮಹಾನವಮಿ ಮುಗಿದ ವಾರಕ್ಕ ಒಬ್ಬ ಕಟ್ಟಿಗಿ ವ್ಯಾಪಾರಿ ಬೈಕ್ ಮ್ಯಾಲೆ ಬಂದ. ಹಳ್ಳದ ದಂಡಿ ಗುಂಟ ಅಡ್ಡಾಡಿ ನೋಡಿದ. "ಅಣ್ಣಾ, ನಿಂತ ಗಿಡಕ್ಕ 18 ಸಾವಿರ. ಕಡಿಯೋದು, ಒಯ್ಯೋದು ಎಲ್ಲಾ ನಂದ. ನೀವು ಕೈ ಮುಟ್ಟಬ್ಯಾಡ್ರಿ. ಇವತ್ತ ಹೂಂ ಅಂದ್ರ ಇವತ್ತ ರೊಕ್ಕಾ," ಅಂದ.

18 ಸಾವಿರ ಸಣ್ಣ ರೊಕ್ಕ ಅಲ್ಲ. ಮಗಳು ಬೆಳಗಾವಿಯೊಳಗ ನರ್ಸಿಂಗ್ ಕಲೀತಾಳ. ಎರಡನೇ ಕಂತಿನ ಫೀ 20 ಸಾವಿರ, ಡಿಸೆಂಬರ್ 20ರೊಳಗ ಕಟ್ಟಬೇಕಾಗಿತ್ತು. ಕಬ್ಬು ಹೊಲದಾಗ ನಿಂತಿತ್ತು. ಕಬ್ಬಿನ ಮ್ಯಾಲೆ ನಂಬಿಕೆ ಇಟ್ಟು ತಾರೀಖು ಹೇಳೂದು ಹೆಂಗ ಅಂತ ನಿಮಗ ಗೊತ್ತೇ ಐತಿ. ನನ್ನ ತಮ್ಮ, "ಕೊಟ್ಟು ಬಿಡೂಣ, ಮುಳ್ಳಿನ ಕೆಲಸ ಯಾರಿಗಿ ಬೇಕು, ರೊಕ್ಕಾ ಕೈಯಾಗ ಬರತೈತಿ," ಅಂದ. ಅವನ ಮಾತಿನಾಗ ತಪ್ಪಿರಲಿಲ್ಲ.

ನಾನು ಒಂದು ದಿನ ಟೈಮ್ ಕೇಳಿದೆ. ವ್ಯಾಪಾರಿ ಹೋಗೂ ಮುಂದ ಒಂದು ಮಾತು ಅಂದಿದ್ದ: "ಆ ಬೇವು, ಕರಿಜಾಲಿ ನಾಕೂ ಇದರಾಗ ಹಿಡದೀನಿ ಮತ್ತ." ಅದು ನನಗ ಸರಿ ಬರಲಿಲ್ಲ. ಬೇವಿನ ನೆರಳಿಗೆ ಎತ್ತು ಕಟ್ಟತೀವಿ, ಆಳುಗಳು ಊಟಕ್ಕ ಕೂಡ್ರತಾರ. ಕರಿಜಾಲಿ ನಮ್ಮ ಅಪ್ಪ ನೇಗಿಲಕ್ಕ, ಕುಂಟಿಗೆ ಅಂತ ಉಳಿಸಿದ್ದು. ಎರಡನೇದು ಕಾನೂನು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಪ್ರಕಾರ ನಮ್ಮ ಸ್ವಂತ ಹೊಲದಾಗಿನ ಗಿಡಾ ಕಡಿಯಾಕೂ ಅರಣ್ಯ ಇಲಾಖೆ ಪರವಾನಗಿ ಬೇಕು. ಕೆಲವು ಜಾತಿಗೆ ಮಾತ್ರ ವಿನಾಯಿತಿ ಐತಿ: ಬಳ್ಳಾರಿ ಜಾಲಿ, ಸುಬಾಬುಲ್, ನೀಲಗಿರಿ, ಸರ್ವೆ, ಗ್ಲಿರಿಸಿಡಿಯಾ, ಸಿಲ್ವರ್ ಓಕ್, ತೆಂಗು ಇಂಥವು. ಬೇವು, ಕರಿಜಾಲಿ ಆ ಯಾದಿಯೊಳಗ ಇಲ್ಲ. ವ್ಯಾಪಾರಿ ಕಡಿದು ಲಾರಿ ತುಂಬಿ ಹೋಗತಾನ, ಕೇಳಾಕ ಬಂದವರು ಉತಾರಿ ಮ್ಯಾಲೆ ಇರೋ ಹೆಸರ ನೋಡತಾರ. ಹೆಸರ ನಮ್ಮದು. ಇನ್ನೊಂದು, ಹಳ್ಳದ ಸರಕಾರಿ ಜಾಗಾದಾಗಿನ ಗಿಡಾ ನಮ್ಮ ಹೊಲಕ್ಕ ಹತ್ತಿದ್ರೂ ನಮ್ಮದಲ್ಲ. ಹದ್ದಿನ ಕಲ್ಲಿನ ಒಳಗ ಇದ್ದದ್ದು ಅಷ್ಟ ನಾವು ಮುಟ್ಟಿದ್ದು. ಕಡಿಯೋಕ ಮೊದಲು, ಲಾರಿಗೆ ಹೇರೋಕ ಮೊದಲು, ವಲಯ ಅರಣ್ಯ ಕಚೇರಿಗೆ ಹೋಗಿ ಒಂದು ಮಾತು ಕೇಳಿ ಬರ್ರಿ. ಅರ್ಧ ದಿನದ ಕೆಲಸ.

ರಾತ್ರಿ ಉಂಡ ಮ್ಯಾಲೆ ಮನಿಯಾಗ ಮಾತಾತು. ನಮ್ಮ ಮನಿಯವರು ಒಂದೇ ಪ್ರಶ್ನೆ ಕೇಳಿದ್ರು: "ಫೀ ಕಟ್ಟೋದು ಡಿಸೆಂಬರಿಗಿ. ಕಟ್ಟಿಗಿ ಒಣಗಾಕ ಎಷ್ಟ ದಿನಾ ಬೇಕು?" ಎರಡು ತಿಂಗಳು ಅಂದೆ. "ಹಂಗಿದ್ರ ಟೈಮ್ ಐತಲ್ಲ," ಅಂದ್ರು. ಅಲ್ಲಿಗೆ ನಿಕ್ಕಿ ಆತು. ತಮ್ಮನಿಗೆ ಹೇಳಿದೆ: ಡಿಸೆಂಬರ್ 15ಕ್ಕ ಕಟ್ಟಿಗಿ ಮಾರಿ 20 ಸಾವಿರ ಆಗಲಿಲ್ಲಂದ್ರ ಒಂದು ಹೋರಿ ಕೊಡೂದು. ಅವಾ ಹೋರಿ ಕಡೆ ನೋಡಿದ, ಏನೂ ಅನ್ನಲಿಲ್ಲ.

ಕಡಿಯೋದು

ಸೀಗಿ ಹುಣ್ಣಿವಿ ದಾಟಿದ ಮ್ಯಾಲೆ ಕಡಿಯಾಕ ಸುರು ಮಾಡಿದ್ವಿ. ಹಿರಿಯರು ಅಮಾಸಿ ಕಡೆ ಹೊಳ್ಳಿದ ಪಕ್ಷದಾಗ ಕಡೀಬೇಕು, ಹುಳಾ ಹತ್ತೂದಿಲ್ಲ ಅಂತಿದ್ರು. ಸುಬಾಬುಲ್ಲಿಗೆ ಹುಳಾ ಲಗೂ ಬೀಳತೈತಿ, ಒಳಗ ಹಿಟ್ಟಿನಂಗ ಪುಡಿ ಉದುರತೈತಿ. ಅದಕ್ಕ ನಾವು ಮಾಡಿದ್ದು ಇಷ್ಟು: ಸುಬಾಬುಲ್ ಕಡಿದ ವಾರದಾಗ ಸೀಳಿ, ತೊಗಟಿ ಸಡಲ ಆದದ್ದು ಕಿತ್ತು, ಬಿಸಿಲಿಗೆ ಒಡ್ಡಿದ್ವಿ. ತೊಗಟಿ ಜೋಡಿ ನೆರಳಿಗೆ ಒಟ್ಟಿಟ್ರ ಹುಳಕ್ಕ ಮನಿ ಕಟ್ಟಿಕೊಟ್ಟಂಗ.

ಕಟಿಂಗ್ ಮಷಿನ್ ಇದ್ದವನ್ನ 3 ದಿನ ಕರೆಸಿದ್ವಿ. ಪೆಟ್ರೋಲ್, ಎಣ್ಣಿ ಹಿಡಿದು ದಿನಕ್ಕ 1,800. ಬೊಡ್ಡಿ ದಪ್ಪ ಇರೋ ಕೆಲಸಕ್ಕ ಮಷಿನ್ ಬೇಕು, ಕೊಡಲಿ ಹಿಡಿದ್ರ ಅದೇ ಕೆಲಸ 10 ದಿನ ಆಗತಿತ್ತು. ಆದ್ರ ಮಷಿನ್ ಬರೋಕ ಮೊದಲು ಮುಳ್ಳು ಸವರಬೇಕು. ಬಳ್ಳಾರಿ ಜಾಲಿ ನೆಟ್ಟಗ ಒಂದು ಬೊಡ್ಡಿ ಇರೋದಿಲ್ಲ, ಬುಡದಿಂದನ ಐದಾರು ಟೊಂಗಿ ಬಾಗಿ ನಿಂತಿರತಾವು, ಒಂದಕ್ಕೊಂದು ಹೆಣಕೊಂಡಿರತಾವು. ಒಂದು ಕಡಿದ್ರ ಬೀಳೂದಿಲ್ಲ, ಇನ್ನೊಂದರ ಮ್ಯಾಲೆ ಜೋತು ಬೀಳತೈತಿ. ಅದರ ಕೆಳಗ ಹೋಗಿ ಎಳೆಯೋದೇ ದೊಡ್ಡ ಅಪಾಯ. ನಾವು ಹಗ್ಗಾ ಕಟ್ಟಿ ದೂರದಿಂದ ಟ್ರ್ಯಾಕ್ಟರ್ ಹಚ್ಚಿ ಎಳದ್ವಿ. ಬೀಳೋ ಕಡೆ ಯಾರೂ ಇರಬಾರದು, ಕಡಿಯೋವನ ಹಿಂದ ಓಡಾಕ ದಾರಿ ಸ್ವಚ್ಛ ಇರಬೇಕು. ಮಷಿನ್ ಚಾಲೂ ಇದ್ದಾಗ ಮಾತಾಡಸಬಾರದು.

ಮುಳ್ಳು ಸವರಾಕ ಇಬ್ಬರು ಆಳು ಎರಡು ದಿನ, ದಿನಕ್ಕ 600ರಂಗ 2,400. ಈ ಮುಳ್ಳು ಚುಚ್ಚಿದ್ರ ಗೊತ್ತಲ್ಲ, ಬಾವು ಬರತೈತಿ, ಮುರಿದು ಒಳಗ ಉಳೀತಂದ್ರ ಕೀವು ತುಂಬತೈತಿ. ಚಪ್ಪಲಿ ತೂರಿ ಹೋಗತೈತಿ, ಟ್ರ್ಯಾಕ್ಟರ್ ಟಾಯರೂ ಬಿಡೂದಿಲ್ಲ. ಹಳೇ ಟಾಯರಿನ ಅಟ್ಟಿ ಹಚ್ಚಿದ ಚಪ್ಪಲಿ ನಡೀತಾವು. ಕಡಿದ ಮುಳ್ಳಿನ ಟೊಂಗಿ ಸುಡಲಿಲ್ಲ. ಹಂದಿ ಬರೋ ಕಡೆ ಒಡ್ಡಿನ ಮ್ಯಾಲೆ ಬೇಲಿ ಹಾಕಿದ್ವಿ. ಎರಡು ವರ್ಷ ತಡೀತೈತಿ.

ಬೊಡ್ಡಿ ಬಗ್ಗೆ ಎರಡು ದಾರಿ ಅದಾವು. ಕಬ್ಬಿನ ಕಡೆ ಇದ್ದವು ನಮಗ ಮತ್ತ ಬ್ಯಾಡಾಗಿದ್ದು. ಅವನ್ನ ನೆಲದ ಒಳಗ ಒಂದು ಗೇಣು ಅಗದು ಬೇರಿನ ತಲಿ ಸಮೇತ ತಗದ್ವಿ. ನೆಲದ ಮಟ್ಟಕ್ಕ ಕಡಿದ್ರ ಮುಂದಿನ ಮಳೆಗಾಲಕ್ಕ ಅದು ನಿಮ್ಮ ಮುಂದ ನಿಂತಿರತೈತಿ. ಹಳ್ಳದ ಇಳಕಲಿನಾಗ ಇದ್ದವನ್ನ ಬೊಡ್ಡಿ ಬಿಟ್ಟೀವಿ. ಅಲ್ಲಿ ಬೇರು ಕಿತ್ರ ಮಣ್ಣು ಹಳ್ಳಕ್ಕ ಹೋಗತೈತಿ. 2019ರ ಆಗಸ್ಟಿನ ಮಹಾಪೂರದಾಗ ಘಟಪ್ರಭಾ ದಂಡಿಗೆ ಎಷ್ಟು ಹೊಲ ಕೊಚ್ಚಿ ಹೋದವು ಅಂತ ನೋಡೀವಿ. ಆ ಬೊಡ್ಡಿ ಚಿಗತು 4 ವರ್ಷಕ್ಕ ಮತ್ತ ಕಟ್ಟಿಗಿ ಕೊಡತಾವು. ಚಿಗತಾಗ ಎರಡೇ ಟೊಂಗಿ ಉಳಿಸಿ ಉಳಿದದ್ದು ಸವರಿದ್ರ ನೆಟ್ಟಗ, ದಪ್ಪ ಬೆಳೀತಾವು.

ಸೀಳೋದು

ಹಸಿ ಇದ್ದಾಗನ ಸೀಳಬೇಕು. ಬಳ್ಳಾರಿ ಜಾಲಿ ಒಣಗಿದ ಮ್ಯಾಲೆ ಕಬ್ಬಿಣ, ಕೊಡಲಿ ಬಾಯಿ ಮುರೀತೈತಿ. ಮಷಿನ್‌ನವನಿಗೆ ಮೊದಲೇ ಹೇಳಿ ಒಂದೂವರೆ ಫೂಟಿಗೆ ಒಂದು ತುಂಡು ಹಾಕಿಸಿದ್ವಿ. ಹಂಡೇದ ಒಲಿಗೂ ನಡೀತೈತಿ, ಖಾನಾವಳಿ ಭಟ್ಟಿಗೂ ನಡೀತೈತಿ. ಮೂರು ಫೂಟಿನ ತುಂಡು ಅರಿಷಿಣ ಕುದಿಸೋ ಕಡಾಯಿಗೆ ಮಾತ್ರ ನಡೀತೈತಿ, ಮನಿಗೆ ಯಾರೂ ಒಯ್ಯೂದಿಲ್ಲ.

ಸೀಳಿದವರು ನಾನು ಮತ್ತ ನನ್ನ ಮಗ. ತಮ್ಮನೂ ಸಂಜಿ ಮುಂದ ಕೈ ಹಚ್ಚಿದ. ತುಂಡಿನ ತಲಿ ಮ್ಯಾಲೆ ಮೊದಲೇ ಒಂದು ಸಣ್ಣ ಬಿರುಕು ಇರತೈತಿ, ಅದನ್ನ ಹುಡುಕಿ ಅದರ ಮ್ಯಾಲೆ ಏಟು ಹಾಕಬೇಕು. ನಡಬರಕ ಹೊಡಿಯೋದಕ್ಕಿಂತ ಅಂಚಿನಿಂದ ಒಂದೊಂದು ಸೀಳು ತಗೋತ ಬಂದ್ರ ಲಗೂ ಆಗತೈತಿ. ಗಂಟು ಇದ್ದ ತುಂಡು ಹಠ ಮಾಡತೈತಿ. ಅದಕ್ಕ ಕಬ್ಬಿಣದ ಬೆಣಿ, ಘಣ ಬೇಕು. ಬೆಣಿ ತಲಿ ಹೂವಿನಂಗ ಅರಳಿದ್ರ ತಿಕ್ಕಿಸಿಕೊಂಡು ಬರ್ರಿ, ಹೊಡಿಯೋ ಮುಂದ ಅದರ ಚೂರು ಸಿಡಿದು ಕಣ್ಣಿಗೆ ಬಡೀತೈತಿ. ಮಗಗ ವೆಲ್ಡಿಂಗ್ ಅಂಗಡ್ಯಾಗಿನ ಬಿಳೀ ಕನ್ನಡಕ ತಂದು ಹಾಕಿಸಿದೆ. 60 ರೂಪಾಯಿ ಕನ್ನಡಕ. ಮೊದಲ ದಿನಾ ನಕ್ಕ, ಎರಡನೇ ದಿನಾ ಒಂದು ಸಿಬಿರು ಬಂದು ಕನ್ನಡಕಕ್ಕ ಟಪ್ ಅಂತ ಬಡೀತು. ಆಮ್ಯಾಲೆ ನಗಲಿಲ್ಲ.

ಮನಿ ಮಂದಿ ದುಡಿದದ್ದು ಎಲ್ಲಾ ಕೂಡಿ 14 ಆಳಿನ ದಿನ. ಬರದಿಟ್ಟೀನಿ, ಕಡೀಕ ಲೆಕ್ಕದಾಗ ಬರತೈತಿ.

ಒಣಗಿಸೋದು

ಇಲ್ಲೇ ರೊಕ್ಕಾ ಇರೋದು, ಇಲ್ಲೇ ಮೋಸಾನೂ ಇರೋದು.

ಐದು ಸೀಳಿಗೆ ಡಾಂಬರಿನ ಗುರುತು ಹಾಕಿ, ಕೂಡಿಸಿ ತೂಗಿದೆ. ಕಡಿದ ವಾರಕ್ಕ 10 ಕಿಲೋ 200 ಗ್ರಾಂ. ಎರಡು ವಾರಕ್ಕ 8 ಕಿಲೋ 400. ನಾಕು ವಾರಕ್ಕ 7 ಕಿಲೋ 400. ಆರು ವಾರಕ್ಕ 6 ಕಿಲೋ 900. ಎಂಟು ವಾರಕ್ಕ 6 ಕಿಲೋ 700. ಅಲ್ಲಿಂದ ಇಳಿಯೋದು ನಿಂತಂಗ ಆತು. ಅಂದ್ರ ಹಸಿ ಒಂದು ಕ್ವಿಂಟಲ್ ಕಟ್ಟಿಗಿ ಒಣಗಿದ್ರ 65 ಕಿಲೋ ಉಳೀತೈತಿ. 35 ಕಿಲೋ ಬರೇ ನೀರು. ಹಸಿ ಕಟ್ಟಿಗಿ ಕೊಂಡವನು ಆ ನೀರಿಗೂ ರೊಕ್ಕಾ ಕೊಡತಾನ, ಮತ್ತ ಒಲಿಯೊಳಗ ಆ ನೀರು ಹಾರಸಾಕ ಬೆಂಕಿನೂ ಖರ್ಚು ಮಾಡತಾನ.

ಶಾಲಿ ಲೆಕ್ಕ ಹಾಕಿ ನೋಡೂಣ. ಪೂರಾ ಒಣಗಿದ ಒಂದು ಕಿಲೋ ಕಟ್ಟಿಗಿಯೊಳಗ ಅಂದಾಜು 4,500 ಕಿಲೋ ಕ್ಯಾಲರಿ ಕಾವು ಇರತೈತಿ. ಒಂದು ಕಿಲೋ ನೀರು ಹಬಿ ಮಾಡಾಕ 600ರಷ್ಟು ಬೇಕು. ಹಸಿ ಕಟ್ಟಿಗಿ ಒಂದು ಕಿಲೋದಾಗ 450 ಗ್ರಾಂ ನೀರು ಹಿಡೀರಿ, ಕೈಗೆ ಸಿಗೋ ಕಾವು ಸುಮಾರು 2,200. ನಮ್ಮ ಬಿಸಿಲಿಗೆ ಒಣಗಿದ ಕಟ್ಟಿಗಿಯೊಳಗ 150 ಗ್ರಾಂ ನೀರು ಉಳದಿರತೈತಿ, ಸಿಗೋ ಕಾವು ಸುಮಾರು 3,700. ಅಂದ್ರ ಕಿಲೋಕ್ಕ ಕಿಲೋ ಹಿಡಿದ್ರ ಒಣದ್ದು ಒಂದೂ ಮುಕ್ಕಾಲು ಪಟ್ಟು ಹತ್ರ ಜಾಸ್ತಿ ಕಾವು ಕೊಡತೈತಿ. ನಮ್ಮ ಕಡೆ ಹಸೀದು ಕಿಲೋಕ್ಕ 4 ರೂಪಾಯಿ ನಡದಿತ್ತು. ಹಂಗಿದ್ರ ಒಣದ್ದು 7 ರೂಪಾಯಿ ಕೇಳೂದು ನ್ಯಾಯ. ಕೊಳ್ಳೋವನಿಗೂ ನುಕಸಾನ ಇಲ್ಲ, ಹೊಗಿ ಕಡಿಮಿ ಅನ್ನೋದು ಮ್ಯಾಲಿನ ಲಾಭ. ಈ ಲೆಕ್ಕ ಹಾಕೇ ನಾನು ದರ ಇಟ್ಟದ್ದು.

ಒಟ್ಟೋ ಪದ್ಧತಿ ಹೇಳತೀನಿ. ನೆಲಕ್ಕ ಹತ್ತಬಾರದು, ಒರ್ಲಿ ಹತ್ತತೈತಿ. ಕೆಳಗ ಕಲ್ಲು, ಅದರ ಮ್ಯಾಲೆ ಎರಡು ಉದ್ದನ ಟೊಂಗಿ ಹಾಸಿ, ಅಡ್ಡ ಒಂದು ಸಾಲು, ಉದ್ದ ಒಂದು ಸಾಲು, ನಡುವ ಗಾಳಿ ಆಡಬೇಕು. ಸೀಳಿದ ಮಗ್ಗಲು ಗಾಳಿ ಬರೋ ಕಡೆ ಇರಲಿ. ದೀಪಾವಳಿ ಆದ ಮ್ಯಾಲೆ ಮೂಡಣ ಗಾಳಿ ಬೀಸತೈತಲ್ಲ, ಆ ಒಣ ಗಾಳಿ ಬಿಸಿಲಿಗಿಂತ ಹೆಚ್ಚ ಕೆಲಸ ಮಾಡತೈತಿ. ತಲಿ ಮ್ಯಾಲೆ ಮಾತ್ರ ತಾಡಪತ್ರಿ, ಮಗ್ಗಲಕ್ಕ ಮುಚ್ಚಬಾರದು. ಸುತ್ತೂ ಮುಚ್ಚಿದ್ರ ಒಳಗ ಬೆವತು ಬೂಸಲಾ ಬರತೈತಿ. ಮನಿ ಗ್ವಾಡಿಗೆ ಹಚ್ಚಿ ಒಟ್ಟಬ್ಯಾಡ್ರಿ, ಹಾವು, ಚೇಳು ಕೂಡ್ರತಾವು. ರಾತ್ರಿ ಕಟ್ಟಿಗಿ ತರಾಕ ಹೋಗೋವರು ಬ್ಯಾಟರಿ ಒಯ್ಯಬೇಕು. ಒಣಗಿದ್ದು ತಿಳಿಯಾಕ ಎರಡು ಸೀಳು ಒಂದಕ್ಕೊಂದು ಬಡೀರಿ. ಹಸಿ ಇದ್ರ ಡಬ್ ಅಂತೈತಿ, ಒಣಗಿದ್ರ ಟಣ್ ಅಂತೈತಿ. ತಲಿ ಮ್ಯಾಲೆ ಸೂರ್ಯನ ಕಿರಣದಂಗ ಬಿರುಕು ಬಿಟ್ಟಿರತೈತಿ.

ಕಟ್ಟಿಗಿ ಒಣಗೋ ಹೊತ್ತಿನಾಗನ ನಮ್ಮ ಗುರ್ಲಾಪುರ ಕ್ರಾಸಿನ್ಯಾಗ ಕಬ್ಬಿನ ದರದ ಹೋರಾಟ ಎದ್ದಿತು. ನಿಮ್ಮಾಗ ಬಾಳ ಮಂದಿ ಅಲ್ಲಿ ಕುಂತವರ. ಟನ್ನಿಗೆ 3,500 ಕೇಳಿದ್ವಿ, ನವೆಂಬರ್ 7ಕ್ಕ ಸರಕಾರ 3,300 ಅಂತು. ಹಗಲು ಬಿಸಲು, ರಾತ್ರಿ ಥಂಡಿ. ಮನಿಯಾಗಿನ ಹೋದ ವರ್ಷದ ಒಣ ಕಟ್ಟಿಗಿ ಒಂದಿಷ್ಟು ಅಲ್ಲಿ ಒಲಿಗಂತ ನಾನೂ ಒಯ್ದು ಹಾಕಿದ್ದೆ. ದರ ನಿಕ್ಕಿ ಆತು, ಆದ್ರ ಕಟಾವಿನ ಪಾಳಿ ನಮ್ಮದು ಹಿಂದ ಹೋತು. ಪಾಳಿ ಬಂದು, ತೂಕ ಆಗಿ, ಬಿಲ್ ಜಮಾ ಆಗೂದರೊಳಗ ಫೀ ತಾರೀಖು ದಾಟಿ ಹೋಗತಿತ್ತು. ತಮ್ಮ ಒಮ್ಮೆ ಕಟ್ಟಿಗಿ ಒಟ್ಟಿಲ ಕಡೆ, ಒಮ್ಮೆ ಹೋರಿ ಕಡೆ ನೋಡತಿದ್ದ. ನಾನೂ ಪ್ರತಿ ಐತವಾರ ಆ ಐದು ಸೀಳು ತೂಗತಿದ್ದೆ. ಬರೇ ತಿಳ್ಕೊಳ್ಳಾಕ ತೂಗತಿದ್ದೆ ಅಂದ್ರ ಸುಳ್ಳಾಗತೈತಿ.

ಮಾರೋದು

ಗ್ಯಾಸ್ ಬಂದ ಮ್ಯಾಲೆ ಕಟ್ಟಿಗಿ ಯಾರು ಕೊಳ್ಳತಾರ ಅಂತ ಬಾಳ ಮಂದಿ ಕೇಳತಾರ. 2016ರ ಮೇ ತಿಂಗಳಾಗ ಉಜ್ವಲಾ ಸುರು ಆತು, ಈಗ ಬಡವರ ಮನಿಯಾಗೂ ಸಿಲಿಂಡರ್ ಐತಿ. ರೊಟ್ಟಿ, ಪಲ್ಯಾ, ಚಾ ಗ್ಯಾಸಿಗೆ ಹೋತು. ಆದ್ರ ಬಚ್ಚಲದ ಹಂಡೆ ಕಟ್ಟಿಗಿ ಬಿಟ್ಟಿಲ್ಲ. ಯಾಕ ಅಂತ ಇದಕ್ಕೂ ಲೆಕ್ಕ ಹಾಕಿದೆ. 40 ಲೀಟರ್ ಹಂಡೆ ಚಳಿಗಾಲದಾಗ ಕಾಸಬೇಕಂದ್ರ ನಮ್ಮ ಮೂರು ಕಲ್ಲಿನ ಒಲಿಗೆ ಒಣ ಕಟ್ಟಿಗಿ ಎರಡೂವರೆಯಿಂದ ಮೂರು ಕಿಲೋ ಬೇಕು. 7ರ ದರದಂಗ 18ರಿಂದ 21 ರೂಪಾಯಿ. ಅದೇ ಹಂಡೆ ಗ್ಯಾಸಿನ ಮ್ಯಾಲೆ ಕಾಸಿದ್ರ ಕಾಲು ಕಿಲೋ ಗ್ಯಾಸ್. 14.2 ಕಿಲೋ ಸಿಲಿಂಡರಿಗೆ 56-57 ಹಂಡೆ. ನಿಮ್ಮ ಊರಿನ ಸಿಲಿಂಡರ್ ದರ ಭಾಗಿಸಿ ನೋಡ್ರಿ. ಎರಡೂ ಹತ್ರ ಹತ್ರನ ಬರತಾವು. ಫರಕ್ ಏನಂದ್ರ, ಕಟ್ಟಿಗಿ 140 ರೂಪಾಯಿದು ಕೊಳ್ಳಬಹುದು, ಸಿಲಿಂಡರ್ 140 ರೂಪಾಯಿದು ಯಾರೂ ಕೊಡೂದಿಲ್ಲ. ದಿನಗೂಲಿ ಮನಿಗೆ ಇದು ದೊಡ್ಡ ಮಾತು.

ಒಲಿ ಸುಧಾರಿಸಿದ್ರ ಕಟ್ಟಿಗಿ ಇನ್ನೂ ಉಳೀತೈತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೊಳಗ ಅಸ್ತ್ರ ಅಂತ ಒಂದು ವಿಭಾಗ 1974ರಾಗ ಸುರು ಆಗಿ, ಹಳ್ಳಿ ಮಂದಿಗಂತ ಅಸ್ತ್ರ ಒಲಿ ಮಾಡಿದ್ರು. ಕೆಳಗ ಜಾಳಗಿ, ಪಾತ್ರಿ ಸುತ್ತ ಕಾವು ಹಿಡಿಯೋ ಗೋಡಿ, ಹೊಗಿಗೆ ಕೊಳವಿ. ತತ್ವ ಇಷ್ಟ: ಬೆಂಕಿಗೆ ಕೆಳಗಿನಿಂದ ಗಾಳಿ ಬೇಕು, ಕಾವು ಮಗ್ಗಲಕ್ಕ ಹಾರಿ ಹೋಗಬಾರದು. ನಮ್ಮ ಹಂಡೆ ಸುತ್ತ ಮಣ್ಣಿನ ಗೋಡಿ ಕಟ್ಟಿ, ಕೆಳಗ ನಾಕ ಕಬ್ಬಿಣದ ಸಳಿ ಇಟ್ಟು, ಹಿಂದ ಕೊಳವಿ ಹಚ್ಚಿದ್ವಿ. ಒಂದು ಸೀಳು ಕಡಿಮಿ ಹತ್ತತೈತಿ. ಮಾರೋವನು ಕಡಿಮಿ ಸುಡ್ರಿ ಅಂತ ಹೇಳೂದು ವಿಚಿತ್ರ ಅನಸಬಹುದು. ಆದ್ರ ಹೊಗಿ ಕುಡಿಯೋರು ನಮ್ಮ ಹೆಣ್ಣಮಕ್ಕಳ.

ಡಿಸೆಂಬರ್ ಮೊದಲ ವಾರಕ್ಕ ಥಂಡಿ ಜೋರ ಹಿಡೀತು, ಮಂದಿ ಕೇಳಾಕ ಬಂದ್ರು. ಮೊದಲು ಒಬ್ಬ ಅರಿಷಿಣದ ರೈತ 22 ಕ್ವಿಂಟಲ್ ಹೇಳಿದ. ಅವನಿಗೆ ಕುದಿಸೋದು ಮುಂದ ಐತಿ, ಆಗ ಎಲ್ಲಾರೂ ಒಮ್ಮೆಲೆ ಹುಡಕತಾರ ಅಂತ ಈಗ ಹಿಡದಿಟ್ಟ. ಎರಡನೇದವನು ಖಾನಾವಳಿ ಮಾಲಕ. "650ಕ್ಕ ಕೊಡ್ರಿ, 15 ದಿನಕ್ಕ ರೊಕ್ಕಾ," ಅಂದ. ನಾನು, "ಎರಡು ಕ್ವಿಂಟಲ್ ನಗದಿ ಒಯ್ರಿ, ನೀವು ಮೊದಲ ಕೊಳ್ಳೋ ಕಟ್ಟಿಗಿ ಜೋಡಿ ಸುಟ್ಟು ನೋಡ್ರಿ, ಆಮ್ಯಾಲೆ ಮಾತಾಡೂಣ," ಅಂದೆ. ವಾರ ಬಿಟ್ಟು ಅವನ ಬಂದ, ಮತ್ತ 10 ಕ್ವಿಂಟಲ್ 700ರ ದರದಂಗ ನಗದಿ ಕೊಟ್ಟು ಒಯ್ದ. ಮಾತು ಹೆಚ್ಚ ಆಡಲಿಲ್ಲ, ಅಡಗಿಯವನ ಕಣ್ಣಾಗ ನೀರು ಬರೂದು ನಿಂತೈತಿ ಅಂದ ಅಷ್ಟ.

ಉಳಿದ 12 ಕ್ವಿಂಟಲ್ ಊರಾಗ ಚಿಲ್ಲರಿ ಹೋತು. ಕೆಲವರು 50 ಕಿಲೋ, ಕೆಲವರು 20 ಕಿಲೋ. ಒಬ್ಬಾಕಿ ಆಯಿ, ಒಬ್ಬಾಕಿನ ಇರತಾಳ, 20 ಕಿಲೋದ ಹೊರಿ ಕಟ್ಟಿಸಿದಳು. ಒಂದು ಸೀಳು ತಗೊಂಡು ಇನ್ನೊಂದಕ್ಕ ಬಡದು ನೋಡಿ, "ಯಪ್ಪಾ, ಇದು ಬ್ಯಾಡ, ಹಸಿ ಐತಿ," ಅಂತ ತಗದಿಟ್ಟಳು. ಅದು ಒಟ್ಟಿಲದ ನಟ್ಟನಡುವಿಂದು, ಆಯಿ ಹೇಳಿದ್ದು ಖರೇನ ಇತ್ತು. ಬದಲಿ ಕೊಟ್ಟೆ. ಹೋದ ವರ್ಷದ ತನಕ ಆಕಿ ಹಳ್ಳದ ಗುಂಟ ಅಡ್ಡಾಡಿ ಪುಳ್ಳಿ ಆರಿಸಿ ತಲಿ ಮ್ಯಾಲೆ ಹೊತಗೊಂಡು ಬರತಿದ್ದಳು. "ಈಗ ಮೊಣಕಾಲ ಕೇಳೂದಿಲ್ಲ," ಅಂದಳು. ನಮ್ಮ ಒಡ್ಡಿನ ಕೆಳಗ ಬಿದ್ದ ಪುಳ್ಳಿ ಯಾರ ಆರಿಸಿದ್ರೂ ನಾವು ಏನೂ ಅನ್ನೂದಿಲ್ಲ. ಅದು ನಮ್ಮ ಅಪ್ಪನ ಕಾಲದಿಂದ ನಡದು ಬಂದದ್ದು. ನೀವೂ ಹಂಗ ಬಿಟ್ಟಿರತೀರಿ ಅಂತ ತಿಳದೀನಿ.

ತೂಕದ ಬಗ್ಗೆ ಒಂದು ಮಾತು. ಟ್ರ್ಯಾಲಿ ಲೆಕ್ಕದಾಗ ಮಾರಬ್ಯಾಡ್ರಿ, ಕೊಳ್ಳಬ್ಯಾಡ್ರಿ. ಒಂದು ಟ್ರ್ಯಾಲಿ ಜಾಳ ಜಾಳ ಹೇರಿದ್ರ ಒಂದು ತೂಕ, ಒತ್ತಿ ಹೇರಿದ್ರ ಇನ್ನೊಂದು. ದೊಡ್ಡದು ವೇ ಬ್ರಿಡ್ಜಿಗೆ ಒಯ್ರಿ, ಸಣ್ಣದು ಕೊಳ್ಳೋವರ ಕಣ್ಣ ಮುಂದ ಕಾಟಾದ ಮ್ಯಾಲೆ ಇಡ್ರಿ. ರಾತ್ರಿ ನೀರು ಸಿಂಪಡಿಸಿ ಮುಂಜಾನೆ ತೂಗೋ ಮಂದಿ ಅದಾರ. ಅವರ ಕಡೆ ಎರಡನೇ ಸಲ ಯಾರೂ ಹೋಗೂದಿಲ್ಲ.

ಮಾರದ್ದು

ಒಟ್ಟು ಒಣ ಕಟ್ಟಿಗಿ 55 ಕ್ವಿಂಟಲ್ ಆಗಿತ್ತು. 46 ಮಾರಿದ್ವಿ. 6 ಮನಿಗೆ. ಉಳಿದ 3 ಕ್ವಿಂಟಲ್ ಬ್ಯಾರೆ ಇಟ್ಟೀವಿ, ದನದ ಕೊಟ್ಟಗಿ ಅಟ್ಟದ ಮ್ಯಾಲೆ, ಮಳಿ ಹನಿ ಬೀಳದಂಗ.

ಅದಕ್ಕ ಕಾರಣ ಐತಿ. ನಮ್ಮೂರಾಗ ಹುಗಿಯೋ ಮಂದಿನೂ ಅದಾರ, ಸುಡೋ ಮಂದಿನೂ ಅದಾರ. ನಾವು ಹುಗಿಯೋರು. ಮುಳ್ಳು ಸವರಾಕ ಬಂದಿದ್ದ ಇಬ್ಬರು ಆಳಿನಾಗ ಒಬ್ಬನ ತಂದಿ ಈ ವರ್ಷದ ಮಳೆಗಾಲದಾಗ ಹೋದ. ಮೂರು ದಿನದಿಂದ ಮಳಿ ಬಿಟ್ಟಿರಲಿಲ್ಲ. ಒಂದು ಹೆಣ ಸುಡಾಕ ಮೂರು, ನಾಕು ಕ್ವಿಂಟಲ್ ಕಟ್ಟಿಗಿ ಬೇಕು. ಊರಾಗ ಒಬ್ಬರ ಮನಿಯಾಗೂ ಅಷ್ಟು ಒಣ ಕಟ್ಟಿಗಿ ಇರಲಿಲ್ಲ. ಮನಿ ಮನಿಯಿಂದ ಎರಡೆರಡು ಸೀಳು ಕೂಡಿಸಿದ್ರೂ ಸಾಲಲಿಲ್ಲ. ಕಡೀಕ ಅವಾ ತನ್ನ ಹಳೇ ಮನಿಯ ತೊಲಿ, ಒಂದು ಬಾಗಿಲಾ ಕಿತ್ತು ಹಾಕಿದ. ಮುಳ್ಳು ಸವರೂ ಮುಂದ ಊಟಕ್ಕ ಕುಂತಾಗ ಅವಾ ಇದನ್ನ ಹೇಳಿದ. ಅಳಲಿಲ್ಲ. "ಬಾಗಿಲಾ ಸಾಗವಾನಿದು ರೀ, ಅಪ್ಪನ ಮಾಡಿಸಿದ್ದು, ಲಗೂ ಹತ್ತೂದಿಲ್ಲ," ಅಂದ ಅಷ್ಟ.

ನಾನು 3 ಕ್ವಿಂಟಲ್ ತಗದಿಡತೀನಿ ಅಂದಾಗ ತಮ್ಮ, "2,100 ರೂಪಾಯಿ ಆಗತೈತಿ. ನಮಗ ಅದು ಬೇಕಾಗೂದಿಲ್ಲಲ್ಲ?" ಅಂದ. ಅವಾ ಜಿಪುಣ ಅಲ್ಲ, ಮನಿ ಖರ್ಚು ಅವನ ಕೈಯಾಗ ಐತಿ, ಕೇಳೂದು ಅವನ ಹಕ್ಕು. ಅವ್ವ ಜಗಲಿ ಮ್ಯಾಲೆ ಕುಂತಿದ್ದಳು. "ಸುಡಾಕ ಕೇಳಾಕ ಬಂದವರ ಮುಂದ ಕಾಟಾ ಇಡಬಾರದು," ಅಂದಳು. ಮರುದಿನ ಆ 3 ಕ್ವಿಂಟಲ್ ಅಟ್ಟಕ್ಕ ಏರಿಸಿದವನು ತಮ್ಮನ.

ಲೆಕ್ಕ

ಬಂದದ್ದು: 46 ಕ್ವಿಂಟಲ್, 700ರಂಗ, 32,200.
ಮಷಿನ್ 5,400. ಮುಳ್ಳು ಸವರೂ ಆಳು 2,400. ಟ್ರ್ಯಾಕ್ಟರ್ ಡೀಸೆಲ್ 1,500. ವೇ ಬ್ರಿಡ್ಜ್, ಕನ್ನಡಕ, ಹಗ್ಗಾ ಕೂಡಿ 300. ಒಟ್ಟು ಖರ್ಚು 9,600.
ಕೈಯಾಗ ಉಳಿದದ್ದು 22,600.

ವ್ಯಾಪಾರಿ ಹೇಳಿದ್ದು 18,000. ಫರಕ್ 4,600. ಮನಿ ಮಂದಿ 14 ದಿನ ದುಡದೀವಿ. ಭಾಗಿಸಿದ್ರ ದಿನಕ್ಕ 328 ರೂಪಾಯಿ. ನೋಡ್ರಿ, ಇದು ಕೂಲಿಗಿಂತ ಕಡಿಮಿ. ಸೀಳಾಕೂ ಆಳು ಹಚ್ಚಿದ್ರ 600ರಂಗ ಮತ್ತ 8,400 ಹೋಗತಿತ್ತು, ಆಗ ವ್ಯಾಪಾರಿ ದರನ ಮ್ಯಾಲಾಗತಿತ್ತು. ಹಂಗಾಗಿ ವ್ಯಾಪಾರಿ ಎಲ್ಲಾರೂ ಸುಲಿಗಿ ಮಾಡತಾರ ಅಂತ ನಾನು ಅನ್ನೂದಿಲ್ಲ. ಮನಿಯಾಗ ದುಡಿಯೋ ಕೈ ಇಲ್ಲ, ಟ್ರ್ಯಾಕ್ಟರ್ ಇಲ್ಲ, ಒಟ್ಟಾಕ ಜಾಗಾ ಇಲ್ಲ ಅನ್ನೋರು ನಿಂತ ಗಿಡಾ ಕೊಡೂದೇ ಪಾಡ. ಬೇವು, ಕರಿಜಾಲಿ ಬಿಟ್ಟು, ಯಾವ ಯಾವ ಗಿಡಾ ಅಂತ ಸುಣ್ಣದ ಗುರುತು ಹಾಕಿ, ಚೀಟಿ ಬರಸಿಕೊಂಡು ಕೊಡ್ರಿ.

ಆದ್ರ ಮನಿಗೆ ಉಳಿದ 6 ಕ್ವಿಂಟಲ್, ಅಟ್ಟದ ಮ್ಯಾಲಿನ 3 ಕ್ವಿಂಟಲ್ ಲೆಕ್ಕಕ್ಕ ಹಿಡಿದ್ರ ಅದು 6,300. ಅವಾಗ ನಮ್ಮ ದಿನಗೂಲಿ 778 ಬೀಳತೈತಿ. ಜೊತಿಗೆ ಬೇಲಿ ಆತು, ಹಳ್ಳದ ಇಳಕಲು ಉಳೀತು, ಬೇವು ನಿಂತೈತಿ. ಕಟ್ಟಿಗಿಯೊಳಗ ಲಾಭ ಬರೂದು ಮಾರಿದ್ದರಿಂದ ಅಷ್ಟ ಅಲ್ಲ, ಕೊಳ್ಳೂದು ತಪ್ಪಿದ್ದರಿಂದ ಅನ್ನೋದು ನನಗ ಈ ಲೆಕ್ಕದಿಂದ ತಿಳೀತು.

ಫೀ ಡಿಸೆಂಬರ್ 17ಕ್ಕ ಕಟ್ಟಿದ್ವಿ. ಮಗಳಿಗೆ ಫೋನ್ ಮಾಡಿ ಹೇಳಿದಾಗ, "ಅಪ್ಪಾ, ಕಬ್ಬಿನ ಬಿಲ್ ಬಂತೇನ?" ಅಂದಳು. ಇಲ್ಲವಾ, ಬಳ್ಳಾರಿ ಜಾಲಿದು ಅಂದೆ. ನಕ್ಕಳು. ಹೋರಿ ಗ್ವಾದ್ಲಿಯೊಳಗ ಮೇವು ತಿನ್ನಾಕತ್ತೈತಿ. ಕಬ್ಬಿನ ಪಾಳಿ ಇನ್ನೂ ಬಂದಿಲ್ಲ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗತೈತಿ ಅಂತಾರ, ಅಲ್ಲೀತನಕ ಇನ್ನೂ ಎರಡು ತಿಂಗಳು ಹಂಡೆ ಕಾಯಬೇಕು. ನಿಮ್ಮ ಹೊಲದಾಗ ಬಳ್ಳಾರಿ ಜಾಲಿ ಇದ್ರ ಈಗ ಕಡಿದು ಈ ಚಳಿಗೆ ಮಾರೂದು ಆಗೂದಿಲ್ಲ, ಟೈಮ್ ಸಾಲೂದಿಲ್ಲ. ಅರಿಷಿಣ ಕುದಿಸೋರಿಗೆ, ಜಾತ್ರಿ ಮದುವಿ ಅಡಗಿಗೆ ಬೇಕಾಗತೈತಿ, ಆ ಲೆಕ್ಕದಾಗ ಕಡೀಬಹುದು. ಕಡಿಯೋರು ಐದು ಸೀಳಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ ಬರದಿಡ್ರಿ. ನಿಮ್ಮ ಮಣ್ಣು, ನಿಮ್ಮ ಗಾಳಿಗೆ ಎಷ್ಟು ದಿನ ಹಿಡೀತು ಅಂತ ನನಗೂ ತಿಳಸ್ರಿ. ಮತ್ತ ಪ್ರತಿ ಓಣಿಗೆ ಒಂದು ಮನಿಯವರಾದ್ರೂ ಮಳಿ ತಾಕದ ಜಾಗಾದಾಗ ಮೂರು ಕ್ವಿಂಟಲ್ ಒಣ ಕಟ್ಟಿಗಿ ಇಡೂದು ಆಗತೈತೇನ ನೋಡ್ರಿ. ಮುಂದಿನ ಮಳೆಗಾಲಕ್ಕ ಯಾರೂ ಬಾಗಿಲಾ ಕೀಳೂದು ಬ್ಯಾಡ.